ಮಳೆಯೂರಲ್ಲಿ ಕುದುರೆಗೆ ಬಣ್ಣ ಹಚ್ಚುವುದು

ನಮ್ಮ ಕಡೆ ಕುದುರೆಗಿಂತ ಕುದ್ರುಗಳೇ ಹೆಚ್ಚು. ಹೊಳೆ ನಡುವಿನ ದ್ವೀಪಕ್ಕೆ ತುಳುವಿನಲ್ಲಿ ಕುದ್ರು ಅನ್ನುವುದು. ಉಡುಪಿ ಕೆಮ್ಮಣ್ಣಿನ ತೂಗುಸೇತುವೆ ದಾಟಿದರೆ ತಿಮ್ಮಣ್ಣ ಕುದ್ರು ಸಿಗುತ್ತದೆ, ಕುದುರೆ ಸಿಗುವುದಿಲ್ಲ. ಕುಣಿಗಲ್ಲಿನ ಸ್ಟಡ್ ಫಾರ್ಮ್, ಮೈಸೂರಿನ ಅಶ್ವಾರೋಹಿ ಪೊಲೀಸರು, ಬೆಂಗಳೂರಿನ ರೇಸು ಎಲ್ಲವೂ ಘಟ್ಟದ ಮೇಲೆ. ವಿಜಯನಗರದ ಕಾಲದಲ್ಲಿ ಅರಬ್ಬರ ಕುದುರೆಗಳು ಹಡಗಿನಿಂದ ಇಳಿಯುತ್ತಿದ್ದದ್ದು ಭಟ್ಕಳದಂಥ ನಮ್ಮದೇ ಕರಾವಳಿಯ ಬಂದರುಗಳಲ್ಲಿ ನಿಜ, ಆದರೆ ಇಳಿದವು ಘಟ್ಟ ಹತ್ತಿ ಹೋದವು. ನಮ್ಮ ಪಾಲಿಗೆ ಉಳಿದದ್ದು ಮೆರವಣಿಗೆಯ ಕೀಲುಕುದುರೆ, ಕೆಲವು ದೈವಸ್ಥಾನಗಳ ಬಣ್ಣದ ಮರದ ಕುದುರೆ, ಪಣಂಬೂರು ಬೀಚಿನ ಸವಾರಿ ಕುದುರೆ, ಅಷ್ಟೆ.

ಹಾಗಾಗಿ ಮಾದರಿ ಕುದುರೆ ಸಂಗ್ರಹಿಸಿ ಬಣ್ಣ ಹಚ್ಚುವುದು ನನ್ನ ಹವ್ಯಾಸ ಎಂದರೆ ಮಂಗಳೂರಿನಲ್ಲಿ ಮೊದಲ ಪ್ರಶ್ನೆ, "ಮಕ್ಕಳಿಗಾ?" ಅಲ್ಲ. ಅಮೆರಿಕದಲ್ಲಿ ಇದು ದೊಡ್ಡವರ ಹವ್ಯಾಸ. 1950ರಲ್ಲಿ ಶಿಕಾಗೊದ ಬ್ರೇಯರ್ ಎಂಬ ಪ್ಲಾಸ್ಟಿಕ್ ಅಚ್ಚಿನ ಕಂಪನಿ ಒಂದು ಗಡಿಯಾರದ ಪಕ್ಕ ನಿಲ್ಲಿಸಲು ಕುದುರೆಯೊಂದನ್ನು ಮಾಡಿಕೊಟ್ಟಿತು. ಜನ ಗಡಿಯಾರ ಬಿಟ್ಟು ಕುದುರೆ ಎಲ್ಲಿ ಸಿಗುತ್ತದೆ ಎಂದು ಕೇಳಿದರು. ಅಲ್ಲಿಂದ ಶುರುವಾದದ್ದು 1990ರ ಹೊತ್ತಿಗೆ ಕೆಂಟಕಿಯಲ್ಲಿ ವರ್ಷಕ್ಕೊಮ್ಮೆ ಜಾತ್ರೆ ಸೇರುವ ಮಟ್ಟಕ್ಕೆ ಬಂತು. ಕಾರ್ಖಾನೆಯ ಬಣ್ಣವನ್ನು ಹಾಗೇ ಉಳಿಸಿಕೊಂಡು ಸಂಗ್ರಹಿಸುವವರು ಒಂದು ಬಗೆ. ಕುದುರೆಯ ಬಣ್ಣ ತೆಗೆದು, ಕಾಲು ಬಗ್ಗಿಸಿ, ಜೂಲು ಹೊಸದಾಗಿ ಮೆತ್ತಿ, ಮತ್ತೆ ಬಣ್ಣ ಕೊಡುವವರು ಇನ್ನೊಂದು ಬಗೆ. ಈ ಲೇಖನ ಎರಡನೆಯವರಿಗೆ. ಪರದೇಶದವರು ಬರೆದ ವಿಧಾನಗಳೆಲ್ಲ ಒಣಹವೆಯ ಊರಿಗೆ ಬರೆದವು. ಅವನ್ನು ಜುಲೈ ತಿಂಗಳ ಮಂಗಳೂರಿನಲ್ಲಿ ಅಕ್ಷರಶಃ ಪಾಲಿಸಿ ನಾನು ಕೆಟ್ಟೆ. ಅದನ್ನು ಮುಂದೆ ಹೇಳುತ್ತೇನೆ.

ಮೊದಲು ಕುದುರೆಯ ಮುಂದೆ ನಿಲ್ಲಿ

ಬ್ರಶ್ಶು, ಬಣ್ಣ ಆಮೇಲೆ. ಮೊದಲ ಕೆಲಸ ಒಂದು ನಿಜವಾದ ಕುದುರೆಯ ಹತ್ತಿರ ಅರ್ಧ ಗಂಟೆ ನಿಲ್ಲುವುದು. ನಮ್ಮ ತಲೆಯೊಳಗೆ ಕ್ಯಾಲೆಂಡರಿನ ಕುದುರೆಯೊಂದು ಕೂತಿದೆ: ಹಾಲುಬಿಳುಪು, ಗುಲಾಬಿ ಮೂತಿ, ಮುಂದಿನೆರಡು ಕಾಲು ಮುಂದಕ್ಕೆ, ಹಿಂದಿನೆರಡು ಹಿಂದಕ್ಕೆ ಚಾಚಿ ಹಾರುವುದು. ಹಾಗೆ ಯಾವ ಕುದುರೆಯೂ ಓಡುವುದಿಲ್ಲ. 1878ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಎಡ್ವರ್ಡ್ ಮೈಬ್ರಿಜ್ ಸಾಲು ಕ್ಯಾಮೆರಾ ಇಟ್ಟು ತೆಗೆದ ಚಿತ್ರಗಳಲ್ಲಿ ನಾಲ್ಕೂ ಕಾಲು ನೆಲ ಬಿಟ್ಟಿರುವ ಗಳಿಗೆ ಕಂಡಿತು. ಆಗ ಕಾಲುಗಳು ಚಾಚಿರಲಿಲ್ಲ, ಹೊಟ್ಟೆಯಡಿಗೆ ಮಡಚಿ ಸೇರಿಕೊಂಡಿದ್ದವು. ಅದಕ್ಕೂ ಮೊದಲು ಶತಮಾನಗಟ್ಟಲೆ ಚಿತ್ರಕಾರರು ತಲೆಯೊಳಗಿನ ಕುದುರೆಯನ್ನೇ ಬಿಡಿಸಿದ್ದರು. ನಾವೂ ಅದನ್ನೇ ಮಾಡುತ್ತೇವೆ.

ಪಣಂಬೂರಿಗೆ ಭಾನುವಾರ ಸಂಜೆ ಹೋಗಬೇಡಿ, ಜನಜಂಗುಳಿ. ವಾರದ ದಿನ, ಬಿಸಿಲು ಇಳಿದ ಮೇಲೆ ಹೋಗಿ. ನಾನು ಹೋದಾಗ ಒಂದು ಸುತ್ತಿನ ದುಡ್ಡು ಕುದುರೆಯವರ ಕೈಗಿಟ್ಟು ಸುಮ್ಮನೆ ನಿಂತೆ.

"ಎಂತ ಅಕ್ಕ, ಹತ್ತುದಿಲ್ವಾ?"

"ಇಲ್ಲಣ್ಣ, ಕಾಲು ನೋಡ್ಲಿಕ್ಕುಂಟು."

ಅವರಿಗೆ ನನ್ನ ತಲೆ ಸರಿ ಇಲ್ಲ ಅನ್ನಿಸಿರಬೇಕು. ಆದರೂ ಕುದುರೆಯನ್ನು ನೆರಳಿಗೆ ತಂದು ನಿಲ್ಲಿಸಿದರು. ಸವಾರಿ ಇಲ್ಲದೆ ದುಡ್ಡು ಸಿಕ್ಕಿದ್ದು ಕುದುರೆಗೂ ಖುಷಿಯೇ ಇರಬೇಕು. ಹಿಂದಿನ ಎಡಗಾಲಿನ ಗೊರಸಿನ ತುದಿ ಮಾತ್ರ ಮರಳಿಗೆ ತಾಗಿಸಿ, ಸೊಂಟ ಒಂದು ಕಡೆ ಜಗ್ಗಿ, ಕೆಳದುಟಿ ಜೋಲುಬಿಟ್ಟು ನಿಂತಿತು. ಕುದುರೆ ನಿಂತೇ ತೂಕಡಿಸುತ್ತದೆ. ಮೊಣಕಾಲಿನ ಚಿಪ್ಪನ್ನು ಬೀಗ ಹಾಕಿದಂತೆ ನಿಲ್ಲಿಸಿಕೊಳ್ಳುವ ವ್ಯವಸ್ಥೆ ಅದರ ಹಿಂಗಾಲಿನಲ್ಲಿದೆ. ಅಂಗಡಿಯ ಆಟಿಕೆ ಕುದುರೆಗಳು ನಾಲ್ಕು ಕಾಲಿನ ಮೇಜಿನಂತೆ ನಿಂತಿರುತ್ತವೆ. ಜೀವ ಇಲ್ಲ ಅನ್ನಿಸುವುದು ಬಣ್ಣದಿಂದಲ್ಲ, ಅದರಿಂದ.

ಹತ್ತಿರ ಹೋಗುವಾಗ ಎಡಭುಜದ ಕಡೆಯಿಂದ, ಮಾತಾಡುತ್ತಾ ಹೋಗಿ. ಕುದುರೆಯ ಕಣ್ಣು ತಲೆಯ ಎರಡು ಬದಿಗಿರುವುದರಿಂದ ಸುತ್ತಲೂ ಕಾಣುತ್ತದೆ, ನೇರ ಹಿಂದೆ ಮತ್ತು ಹಣೆಯ ಮುಂದೆಯೇ ಕಾಣುವುದಿಲ್ಲ. ಹಿಂದಿನಿಂದ ಹೋಗಿ ಫೋಟೊ ತೆಗೆಯಲು ನೋಡಿದರೆ ಒದೆ ಖಾತ್ರಿ. ತಿನ್ನಲು ಏನಾದರೂ ಕೊಡುವುದಿದ್ದರೆ ನೋಡಿಕೊಳ್ಳುವವರನ್ನು ಕೇಳಿಯೇ ಕೊಡಿ. ಕುದುರೆಗೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಹೋದ ತಪ್ಪು ಆಹಾರ ಹೊಟ್ಟೆಶೂಲೆಯಾಗಿಯೇ ಮುಗಿಯುವುದು.

ತೆಗೆಯಬೇಕಾದ ಫೋಟೊಗಳು: ಎರಡೂ ಪಕ್ಕ, ಎದುರು, ಸ್ವಲ್ಪ ಓರೆಯಿಂದ ಹಿಂಭಾಗ. ಆಮೇಲೆ ಹತ್ತಿರದಿಂದ ಕಣ್ಣು, ಮೂಗಿನ ಹೊಳ್ಳೆ, ಕಿವಿಯ ಒಳಭಾಗ, ನಾಲ್ಕೂ ಗೊರಸು, ಮುಂಗಾಲಿನ ಒಳಬದಿ. ಕೊನೆಯದೇಕೆಂದರೆ ಮುಂಗಾಲಿನಲ್ಲಿ ಮಂಡಿಗಿಂತ ಮೇಲೆ, ಹಿಂಗಾಲಿನಲ್ಲಿ ಹಿಂದಕ್ಕೆ ಚೂಪಾಗಿರುವ ಗಂಟಿಗಿಂತ ಕೆಳಗೆ ಒಳಬದಿಯಲ್ಲಿ ಒಣಗಿದ ಆಣಿಯಂಥ ಒಂದೊಂದು ಬಿಲ್ಲೆ ಇರುತ್ತದೆ. ನಾನು ಮೊದಲು ಗಾಯದ ಗುರುತು ಅಂದುಕೊಂಡಿದ್ದೆ. ಮಾದರಿ ಕುದುರೆಗಳ ಸ್ಪರ್ಧೆಗಳಲ್ಲಿ ತೀರ್ಪುಗಾರರು ಇದನ್ನೂ ನೋಡುತ್ತಾರೆ.

ಇನ್ನೊಂದು ತಿಳಿದಿರಲಿ. ಮುಂಗಾಲಿನ ನಡುವೆ ನಾವು ಮಂಡಿ ಅನ್ನುವುದು ನಿಜವಾಗಿ ನಮ್ಮ ಮಣಿಕಟ್ಟಿಗೆ ಸಮ. ಹಿಂಗಾಲಿನ ಹಿಂದಕ್ಕೆ ಚೂಪಾಗಿ ಕಾಣುವ ಗಂಟು ನಮ್ಮ ಹಿಮ್ಮಡಿಗೆ ಸಮ. ಅಂದರೆ ಕುದುರೆ ಒಂದೇ ಬೆರಳಿನ ಉಗುರಿನ ಮೇಲೆ ನಿಂತ ಪ್ರಾಣಿ. ಇದು ತಲೆಗೆ ಹೋದ ಮೇಲೆ ಕಾಲು ಬಗ್ಗಿಸುವಾಗ ತಪ್ಪು ಮಾಡುವುದು ಕಷ್ಟ.

ಯಾವ ಕುದುರೆ ತರುವುದು

ಬ್ರೇಯರ್‌ನ ದೊಡ್ಡ ಅಳತೆ 1:9, ಅಂದರೆ ನಿಜದ ಕುದುರೆಯ ಒಂಬತ್ತನೇ ಒಂದು. ಹೆಗಲಿನ ತನಕ 15 ಹ್ಯಾಂಡ್ ಎತ್ತರದ ಕುದುರೆ, ಅಂದರೆ ಒಂದು ಹ್ಯಾಂಡಿಗೆ ನಾಲ್ಕು ಇಂಚಿನಂತೆ 60 ಇಂಚು, ಈ ಅಳತೆಯಲ್ಲಿ ಸುಮಾರು 17 ಸೆಂಟಿಮೀಟರ್ ಆಗುತ್ತದೆ. 1:12ರಲ್ಲಿ ಹನ್ನೆರಡೂವರೆ ಚಿಲ್ಲರೆ, ತೀರಾ ಸಣ್ಣ 1:32ರಲ್ಲಿ ಐದಕ್ಕೂ ಕಮ್ಮಿ. ದೊಡ್ಡವನ್ನು ತರಿಸಿದರೆ ಸಾಗಾಟ, ಕಸ್ಟಮ್ಸ್ ಸೇರಿ ಕುದುರೆಗಿಂತ ಲಾಯದ ಬೆಲೆಯೇ ಜಾಸ್ತಿಯಾಗುತ್ತದೆ. ಕಲಿಯುವವರಿಗೆ ಜರ್ಮನಿಯ ಶ್ಲೈಶ್ ಕುದುರೆಗಳು ಸಾಕು, ದೊಡ್ಡ ಆಟಿಕೆ ಅಂಗಡಿಗಳಲ್ಲೂ ಆನ್‌ಲೈನಿನಲ್ಲೂ ಸಿಗುತ್ತವೆ, ಅಂಗೈಯಲ್ಲಿ ನಿಲ್ಲುತ್ತವೆ, ಮೈಕಟ್ಟೂ ಪರವಾಗಿಲ್ಲ.

ಅದಕ್ಕೂ ಮೊದಲು ಜಾತ್ರೆ ಸಂತೆಗೆ ಹೋಗಿ. ಮಕರ ಸಂಕ್ರಾಂತಿಯ ಹೊತ್ತಿಗೆ ಕದ್ರಿಯಲ್ಲಿ, ಉಡುಪಿ ರಥಬೀದಿಯಲ್ಲಿ ಆಟಿಕೆಯವರು ಚಾಪೆ ಹಾಸಿ ಕೂತಿರುತ್ತಾರೆ. ಅಲ್ಲಿಯ ಕುದುರೆಗಳು ಚಂದ ಇರುವುದಿಲ್ಲ. ಕೆಟ್ಟರೂ ಕರುಳು ಚುರುಕ್ ಅನ್ನುವುದಿಲ್ಲ ಎಂಬುದೇ ಅವುಗಳ ಗುಣ. ಆದರೆ ಒಂದು ಪರೀಕ್ಷೆ ಮಾಡದೆ ಬಣ್ಣಕ್ಕೆ ಕೈ ಹಾಕಬೇಡಿ: ಹೊಟ್ಟೆಯಡಿಯಿಂದ ಬ್ಲೇಡಿನಲ್ಲಿ ಅಕ್ಕಿಕಾಳಿನಷ್ಟು ಪ್ಲಾಸ್ಟಿಕ್ ಕೆತ್ತಿ, ಒಂದು ಹನಿ ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿಗೆ ಹಾಕಿ ಬೆರಳಿನಿಂದ ಅದುಮಿ ಬಿಡಿ. ತೇಲಿ ಬಂದರೆ ಅದು ಬಕೆಟು, ಕೊಡಪಾನ ಮಾಡುವ ಜಾತಿಯ ಪ್ಲಾಸ್ಟಿಕ್. ಅದಕ್ಕೆ ಯಾವ ಬಣ್ಣವೂ ಹಿಡಿಯುವುದಿಲ್ಲ, ಉಗುರು ತಾಗಿದರೆ ಹಲಸಿನ ಹಪ್ಪಳದ ಹಾಗೆ ಎದ್ದು ಬರುತ್ತದೆ. ಮುಳುಗಿದರೆ ಕೆಲಸಕ್ಕೆ ಬಂತು. ಇಡೀ ಕುದುರೆಯನ್ನೇ ನೀರಿಗೆ ಹಾಕಿ ನೋಡಬೇಡಿ, ಒಳಗೆ ಪೊಳ್ಳಿರುವುದರಿಂದ ಎಲ್ಲವೂ ತೇಲುತ್ತವೆ.

ಭಾರತದ ತಳಿ ಬೇಕೆಂಬವರಿಗೆ ತಯಾರಿ ಅಚ್ಚುಗಳು ಕಮ್ಮಿ. ಮಾರ್ವಾಡಿ, ಕಾಠಿಯಾವಾಡಿ ಕುದುರೆಗಳ ಗುರುತು ಒಳಕ್ಕೆ ಬಾಗಿ ತುದಿ ಸೇರುವ ಕಿವಿ. ಯಾವುದಾದರೂ ತೆಳುಮೈಯ ಅಚ್ಚು ತಂದು ಕಿವಿ ಮಾತ್ರ ಕೆತ್ತಿ ಹೊಸದಾಗಿ ಮೆತ್ತಿದರೆ ಅರ್ಧ ದಾರಿ ಸಾಗಿದಂತೆ. ನನ್ನ ಮೆಚ್ಚಿನ ಕೆಲಸ ಅದು. ಇಡೀ ದಿನ ಎರಡು ಕಿವಿಗೆ ಹೋದದ್ದುಂಟು, ಮನೆಯಲ್ಲಿ ಬೈಸಿಕೊಂಡದ್ದೂ ಉಂಟು.

ತೊಳೆ, ಬಗ್ಗಿಸು, ಉಜ್ಜು

ಅಚ್ಚಿನಿಂದ ಸುಲಭವಾಗಿ ಬಿಡಲೆಂದು ಕಾರ್ಖಾನೆಯಲ್ಲಿ ಸವರಿದ ಜಿಡ್ಡು ಮೈಮೇಲೆ ಉಳಿದಿರುತ್ತದೆ. ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪು, ಹಳೆ ಹಲ್ಲುಜ್ಜುವ ಬ್ರಶ್ಶು. ಒಂದು ದಿನ ಒಣಗಲಿ, ಮಳೆಗಾಲವಾದರೆ ಎರಡು ದಿನ. ಇಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟಬೇಡಿ. ನಮ್ಮೂರಿನ ಸೆಕೆಯಲ್ಲಿ ಅಂಗೈ ಬೆವರದ ಮನುಷ್ಯ ಇಲ್ಲ, ಬೆವರಿನ ಉಪ್ಪು ಬಿದ್ದ ಕಡೆ ಬಣ್ಣ ಕಾಯಿಲೆ ಬಿದ್ದಂತೆ ಕಾಣುತ್ತದೆ. ಹಳೇ ಬನಿಯನ್ ತುಂಡಿನಲ್ಲಿ ಹಿಡಿಯಿರಿ.

ನಿಲುವು ಬದಲಿಸುವುದಿದ್ದರೆ ಈಗಲೇ. ಶ್ಲೈಶ್ ಥರದ ಪಿವಿಸಿ ಕುದುರೆಯ ಕಾಲನ್ನು ಕುದಿಯುವ ನೀರಿಗಿಂತ ಸ್ವಲ್ಪ ತಣ್ಣಗಿನ ನೀರಿನಲ್ಲಿ ಒಂದೆರಡು ನಿಮಿಷ ಮುಳುಗಿಸಿ, ಇಕ್ಕಳದಿಂದ ತೆಗೆದು, ಕೀಲಿನಲ್ಲಿ ಮಾತ್ರ ಬಗ್ಗಿಸಿ, ಹಾಗೇ ಹಿಡಿದು ತಣ್ಣೀರಿಗೆ ಅದ್ದಿ. ಎಲುಬಿನ ನಡುವೆ ಬಗ್ಗಿದರೆ ಕುದುರೆಯ ಕಾಲು ಮುರಿದಂತೆ ಕಾಣುತ್ತದೆ. ಒಂದೇ ಸಲಕ್ಕೆ ಪೂರ್ತಿ ಬಗ್ಗಿಸುವ ಹಟ ಬೇಡ, ಮೂರು ಸಲ ಮುಳುಗಿಸಿದರೆ ಮೂರು ಸಲ. ನಾನು ಪಣಂಬೂರಿನ ಆ ಕುದುರೆಯಂತೆಯೇ ಹಿಂಗಾಲು ಸಡಿಲ ಬಿಟ್ಟದ್ದನ್ನು ಮಾಡಿದಾಗ ಸೊಂಟ ಓರೆ ಮಾಡುವುದನ್ನು ಮರೆತಿದ್ದೆ. ಒಂದು ಕಾಲು ಸಡಿಲವಾದರೆ ಆ ಕಡೆಯ ಸೊಂಟ ಇಳಿಯಲೇಬೇಕು. ಇಲ್ಲದಿದ್ದರೆ ಕುದುರೆಗೆ ಕಾಲುನೋವು ಬಂದಂತೆ ಕಾಣುತ್ತದೆ. ಇಳಿಸಲು ಎಂ-ಸೀಲ್ ಬೇಕಾಯಿತು.

ಎಂ-ಸೀಲ್ ನಮ್ಮ ಹವ್ಯಾಸದ ಅಕ್ಕಿಹಿಟ್ಟು. ನಲ್ಲಿ ಸೋರುವುದಕ್ಕೆ ತಂದದ್ದು ಮನೆಯಲ್ಲೇ ಇರುತ್ತದೆ. ಎರಡೂ ಭಾಗ ಸಮ ಪ್ರಮಾಣದಲ್ಲಿ, ಬಣ್ಣದ ಗೆರೆ ಮಾಯವಾಗುವ ತನಕ ಕಲಸಿ. ಕೈಗೆ ಗ್ಲೌಸ್ ಇರಲಿ, ಇಂಥ ಎಪಾಕ್ಸಿ ಕೆಲವರ ಚರ್ಮಕ್ಕೆ ಆಗುವುದಿಲ್ಲ. ಸಣ್ಣ ಸಣ್ಣ ಉಂಡೆ ಮಾತ್ರ ಕಲಸಿ, ಯಾಕೆಂದರೆ ಸೆಕೆಯಲ್ಲಿ ಅದು ಬೇಗ ಗಟ್ಟಿಯಾಗುತ್ತದೆ. ಜೂಲನ್ನು ಮೆತ್ತುವಾಗ ಮೊದಲು ತೆಳು ಹಾಳೆಯಂತೆ ಕುತ್ತಿಗೆಗೆ ಅಂಟಿಸಿ, ಆಮೇಲೆ ಒದ್ದೆ ಸೂಜಿಯಿಂದ ಕೂದಲಿನ ಗೆರೆ ಎಳೆಯಿರಿ. ಶಾವಿಗೆ ಒತ್ತಿದಂತೆ ಒಂದೇ ದಪ್ಪದ ಎಳೆಗಳನ್ನು ಸಾಲಾಗಿ ಅಂಟಿಸುವುದು ಎಲ್ಲರ ಮೊದಲ ತಪ್ಪು. ಕೂದಲು ಗೊಂಚಲುಗಳಾಗಿ ಬೀಳುತ್ತದೆ, ಕಡಲ ಗಾಳಿಗೆ ನಿಂತ ಕುದುರೆಯದ್ದಂತೂ ಉಪ್ಪಿಗೆ ಅಂಟಿ ಜಡೆಜಡೆಯಾಗಿರುತ್ತದೆ.

ಹೊಟ್ಟೆಯ ಬಗ್ಗೆಯೂ ಒಂದು ಮಾತು. ಕುದುರೆ ದಿನಕ್ಕೆ ತನ್ನ ಮೈತೂಕದ ನೂರಕ್ಕೆ ಒಂದೂವರೆ-ಎರಡು ಪಾಲಿನಷ್ಟು ಹುಲ್ಲು ತಿನ್ನಬೇಕಾದ ಪ್ರಾಣಿ. ಮುನ್ನೂರು ಕಿಲೋದ ಕುದುರೆಗೆ ಐದಾರು ಕಿಲೋ ಒಣಹುಲ್ಲು. ಹುಲ್ಲಿನ ಮೇಲೆಯೇ ಬದುಕುವ ಸವಾರಿ ಕುದುರೆಗೆ ಹೊಟ್ಟೆ ಕೆಳಕ್ಕೆ ದುಂಡಾಗಿರುತ್ತದೆ. ರೇಸಿನ ಕುದುರೆಯದ್ದು ಮೇಲಕ್ಕೆ ಸೆಳೆದುಕೊಂಡಿರುತ್ತದೆ. ಅಚ್ಚುಗಳೆಲ್ಲ ಸಾಮಾನ್ಯವಾಗಿ ಎರಡನೆಯವು.

ಗಟ್ಟಿಯಾದ ಮೇಲೆ ಉಜ್ಜುವುದು. ಹಾರ್ಡ್‌ವೇರ್ ಅಂಗಡಿಯಲ್ಲಿ ವಾಟರ್ ಪೇಪರ್ ಎಂದು ಕೇಳಿ, 220, 400, 600 ನಂಬರಿನವು ಒಂದೊಂದು. ನೀರಿನಲ್ಲಿ ಅದ್ದಿ ಉಜ್ಜಿದರೆ ಧೂಳು ಏಳುವುದಿಲ್ಲ; ರೆಸಿನ್ ಅಥವಾ ಎಪಾಕ್ಸಿ ಧೂಳು ಪುಪ್ಪುಸಕ್ಕೆ ಒಳ್ಳೆಯದಲ್ಲ, ಒಣಗಿಸಿಕೊಂಡು ಉಜ್ಜುವುದಾದರೆ ಮಾಸ್ಕ್ ಕಡ್ಡಾಯ. ಹೊಟ್ಟೆ, ಎದೆ, ಕಾಲಿನ ಒಳಬದಿಯಲ್ಲಿ ಅಚ್ಚಿನ ಎರಡು ಹೋಳು ಸೇರಿದ ಗೆರೆ ಇರುತ್ತದೆ. ಕಣ್ಣಿಗೆ ಕಾಣದಿದ್ದರೂ ಉಗುರಿಗೆ ಸಿಗುತ್ತದೆ. ಅದು ಹೋಗುವ ತನಕ ಉಜ್ಜಿ. ಬೇಜಾರಿನ ಕೆಲಸ, ಟಿವಿ ನೋಡುತ್ತಾ ಮಾಡಬಹುದು.

ಪ್ರೈಮರ್, ಮತ್ತು ನಮ್ಮ ಹವೆ

ಪ್ರೈಮರ್ ಅಂದರೆ ಬಣ್ಣ ಹಿಡಿಯಲೆಂದು ಮೊದಲು ಕೊಡುವ ಕೈ, ವಾರ್ನಿಶ್ ಅಂದರೆ ಬಣ್ಣ ಕಾಯಲೆಂದು ಕೊನೆಗೆ ಕೊಡುವ ಕೈ. ಸ್ಪ್ರೇ ಡಬ್ಬಿಯದ್ದಾದರೆ ಎರಡಕ್ಕೂ ನಮ್ಮ ಹವೆ ಆಗದು. ನಾನು ಕೆಟ್ಟ ಕಥೆ ಇಲ್ಲಿಗೆ. ಎರಡು ತಿಂಗಳು ಕೂತು ಒಂದು ಕಪ್ಪು ಕುದುರೆ ಮುಗಿಸಿದ್ದೆ. ಜುಲೈ. ಮಧ್ಯಾಹ್ನ ಮಳೆ ಸ್ವಲ್ಪ ಬಿಟ್ಟಿತು, ಬಾಲ್ಕನಿಗೆ ಒಯ್ದು ಮ್ಯಾಟ್, ಅಂದರೆ ಹೊಳಪಿಲ್ಲದ ವಾರ್ನಿಶ್ ಸ್ಪ್ರೇ ಹೊಡೆದೆ. ಐದೇ ನಿಮಿಷ. ಕಪ್ಪು ಕುದುರೆ ಬೂದಿ ಮೆತ್ತಿಕೊಂಡ ಸನ್ಯಾಸಿಯಂತೆ ಬೆಳ್ಳಗೆ ನಿಂತಿತು. ಆಗಿದ್ದು ಇಷ್ಟು: ಸ್ಪ್ರೇಯೊಳಗಿನ ದ್ರಾವಕ ಬೇಗನೆ ಆವಿಯಾಗುತ್ತದೆ, ಆವಿಯಾಗುವಾಗ ಮೇಲ್ಮೈ ತಣ್ಣಗಾಗುತ್ತದೆ, ತಣ್ಣಗಾದ ಜಾಗಕ್ಕೆ ಗಾಳಿಯ ತೇವ ಇಬ್ಬನಿಯಂತೆ ಇಳಿದು ಒದ್ದೆ ವಾರ್ನಿಶ್ಶಿನೊಳಗೆ ಸಿಕ್ಕಿಬೀಳುತ್ತದೆ. ಡಬ್ಬಿಯ ತಪ್ಪಲ್ಲ, ಪಂಚಾಂಗದ ತಪ್ಪು.

ಈಗ ನನ್ನ ಕೆಲಸ ಋತುವಿನ ಪ್ರಕಾರ ನಡೆಯುತ್ತದೆ. ಜೂನ್‌ನಿಂದ ಸೆಪ್ಟೆಂಬರ್ ತನಕ ಕೆತ್ತುವುದು, ಮೆತ್ತುವುದು, ಉಜ್ಜುವುದು, ಜೀನು ಹೊಲಿಯುವುದು. ಡಬ್ಬಿ ಮುಟ್ಟುವುದಿಲ್ಲ. ಡಿಸೆಂಬರ್‌ನಿಂದ ಫೆಬ್ರವರಿ ಸ್ಪ್ರೇಗೆ ಹಬ್ಬ, ಅದರಲ್ಲೂ ಬೆಳಗ್ಗೆ ಹತ್ತೂವರೆಯ ಮೇಲೆ, ಇಬ್ಬನಿ ಆರಿ ಬಿಸಿಲು ಹತ್ತಿದಾಗ. ತೇವ ಅಳೆಯುವ ಪುಟ್ಟ ಡಿಜಿಟಲ್ ಮಾಪಕ ಕೆಲವು ನೂರು ರೂಪಾಯಿಗೆ ಬರುತ್ತದೆ; ಅದು 70ರ ಮೇಲೆ ತೋರಿಸಿದರೆ ಡಬ್ಬಿ ಕಪಾಟಿಗೆ. ಮಳೆಗಾಲದಲ್ಲಿ ಬಣ್ಣ ಹಚ್ಚಲೇಬೇಕೆನ್ನುವವರು ಬ್ರಶ್ಶಿನಲ್ಲಿ ಹಚ್ಚುವ ನೀರಿನ ಪ್ರೈಮರ್, ಅಂದರೆ ಚಿತ್ರಕಲಾ ಸಾಮಗ್ರಿ ಅಂಗಡಿಯ ಜೆಸ್ಸೊ, ನೀರು ಬೆರೆಸಿ ತೆಳ್ಳಗೆ ಮೂರು ಕೈ ಹಚ್ಚಿ. ಗೆರೆ ಉಳಿದರೆ 600ರ ಪೇಪರಿನಲ್ಲಿ ಮೆಲ್ಲಗೆ ಸವರಿ.

ಸ್ಪ್ರೇ ಹೊಡೆಯುವಾಗ ಡಬ್ಬಿ ಒಂದು ಗೇಣಿನಾಚೆ ಇರಲಿ, ಕೈ ನಿಲ್ಲದೆ ಚಲಿಸಲಿ, ಒಂದು ಕೈ ಒಣಗಿದ ಮೇಲೆ ಇನ್ನೊಂದು. ಮೆತ್ತನೆಯ ಪಿವಿಸಿಗೆ ಇನ್ನೊಂದು ಕಿರಿಕಿರಿ ಇದೆ: ಅದರೊಳಗಿನ ಮೆದುಗೊಳಿಸುವ ದ್ರವ್ಯ ಕೆಲವು ಸ್ಪ್ರೇಗಳ ಜತೆ ಸೇರಿ ತಿಂಗಳಾದರೂ ಅಂಟಂಟಾಗಿಯೇ ಉಳಿಯುತ್ತದೆ. ಮೊದಲು ಹೊಟ್ಟೆಯಡಿ ಚೂರು ಹೊಡೆದು ಒಂದು ವಾರ ಕಾದು ನೋಡಿ.

ತೆಳು ಕೈ, ಒಣಗಲು ಸಮಯ ಎಂಬ ಪಾಠ ನಮಗೆ ಹೊಸತೇನಲ್ಲ. ಅಷ್ಟಮಿಗೆ, ಮಾರ್ನೆಮಿಗೆ ಹುಲಿವೇಷದವರಿಗೆ ಬಣ್ಣ ಕೊಡುವುದನ್ನು ನಿಂತು ನೋಡಿ. ಮೊದಲು ಅಡಿಬಣ್ಣ, ಅದು ಪೂರ್ತಿ ಆರುವ ತನಕ ಹುಡುಗ ಕೈ ಅಗಲಿಸಿ ಕೋಲು ಹಿಡಿದು ನಿಂತಿರಬೇಕು, ಆಮೇಲೆ ಪಟ್ಟೆ. ಆ ಬಣ್ಣದವರಲ್ಲಿ ಏರ್‌ಬ್ರಶ್ (ಗಾಳಿಯಲ್ಲಿ ಬಣ್ಣ ಚಿಮ್ಮಿಸುವ ಸಾಧನ) ಇಟ್ಟುಕೊಂಡವರು ಈಗ ಬೇಕಾದಷ್ಟಿದ್ದಾರೆ. ಪರಿಚಯ ಮಾಡಿಕೊಂಡರೆ ನಿಮ್ಮ ಕುದುರೆಗೂ ಒಂದು ಅಡಿಬಣ್ಣ ಹೊಡೆದುಕೊಟ್ಟಾರು, ಸೀಸನ್ ಅಲ್ಲದಾಗ ಕೇಳಿ.

ಬಣ್ಣ: ಒಂದು ಕಂದು ಕುದುರೆ

ಮೊದಲ ಕುದುರೆಗೆ ಬೇ ಬಣ್ಣವನ್ನೇ ಆರಿಸಿ. ಕುದುರೆಯವರ ಬಾಯಲ್ಲಿ ಅದು ಕುಮ್ಮೈತ್. ಮೈ ಕಂದು, ಜೂಲು, ಬಾಲ, ಕಿವಿಯಂಚು ಮತ್ತು ಮಂಡಿಯಿಂದ ಕೆಳಗಿನ ಕಾಲು ಕಪ್ಪು. ಇದರ ತಮ್ಮ ಚೆಸ್ಟ್‌ನಟ್: ಮೈಯೂ ಕೆಂಗಂದು, ಜೂಲು ಬಾಲವೂ ಕೆಂಗಂದು, ಎಲ್ಲೂ ಕಪ್ಪು ಕೂದಲಿಲ್ಲ. ನಾನು ಮೊದಲ ಸಲ ಇವೆರಡನ್ನೂ ಬೆರೆಸಿ, ಕಪ್ಪು ಕಾಲಿಗೆ ಕೆಂಪು ಬಾಲ ಇಟ್ಟಿದ್ದೆ. ಪಣಂಬೂರಿನ ಅಣ್ಣನಿಗೆ ಮೊಬೈಲಿನಲ್ಲಿ ತೋರಿಸಿದಾಗ ಅವರು ಬೆರಳಿನಲ್ಲಿ ದೊಡ್ಡದು ಮಾಡಿ ನೋಡಿ, "ಇದರ ಬಾಲ ಬೇರೆಯವರದ್ದಾ?" ಅಂದರು.

ಸಾಮಗ್ರಿ ಎರಡೇ: ಅಕ್ರಿಲಿಕ್ ಬಣ್ಣ ಮತ್ತು ಸಾಫ್ಟ್ ಪ್ಯಾಸ್ಟೆಲ್. ಸ್ಟೇಶನರಿ ಅಂಗಡಿಯಲ್ಲಿ ಪ್ಯಾಸ್ಟೆಲ್ ಅಂದರೆ ಮಕ್ಕಳ ಆಯಿಲ್ ಪ್ಯಾಸ್ಟೆಲ್ ಎತ್ತಿ ಕೊಡುತ್ತಾರೆ. ಅದು ಮೇಣ, ನಮಗೆ ಬೇಡ. ಸೀಮೆಸುಣ್ಣದಂತೆ ಪುಡಿಯಾಗುವುದು ಬೇಕು.

ಅಕ್ರಿಲಿಕ್ಕಿನಲ್ಲಿ ಯೆಲ್ಲೊ ಓಕರ್ (ಮಣ್ಣುಹಳದಿ) ಎರಡು ಪಾಲು, ಬರ್ನ್ಟ್ ಸಿಯೆನ್ನಾ (ಕೆಂಗಂದು) ಒಂದು ಪಾಲು, ಹಾಲಿನಷ್ಟು ತೆಳ್ಳಗೆ. ಇಡೀ ಮೈಗೆ ಮೂರು ಕೈ. ಇದು ನೋಡಲು ಕೋಲ್ಡ್ ಕಾಫಿಯಂತೆ ಕಾಣುತ್ತದೆ, ಗಾಬರಿಯಾಗಬೇಡಿ. ಒಣಗಿದ ಮೇಲೆ ಬರ್ನ್ಟ್ ಸಿಯೆನ್ನಾ ಪ್ಯಾಸ್ಟೆಲನ್ನು ಬ್ಲೇಡಿನಲ್ಲಿ ಕೆರೆದು ಪುಡಿ ಮಾಡಿ, ಗಡುಸು ಕೂದಲಿನ ಸಣ್ಣ ಬ್ರಶ್ಶಿನಲ್ಲಿ ಕುಂಕುಮ ಒತ್ತಿದಂತೆ ಒತ್ತಿ ತಿಕ್ಕಿ, ಕೂದಲು ಬೆಳೆಯುವ ದಿಕ್ಕಿನಲ್ಲಿ. ಪಕ್ಕೆ, ತೊಡೆಯ ಸಂದು, ಮೊಣಕೈ ಹಿಂದೆ, ಮೂತಿಯ ಸುತ್ತ ಹಗುರಾಗಿರಲಿ. ಬೆನ್ನು, ಕುತ್ತಿಗೆಯ ಮೇಲ್ಭಾಗ, ಸೊಂಟಕ್ಕೆ ಗಾಢವಾಗಿ. ಆ ಗಾಢಕ್ಕೆ ಬರ್ನ್ಟ್ ಅಂಬರ್ (ಕಡುಗಂದು) ಪುಡಿ ಸೇರಿಸಿ. ಎರಡು ಮೂರು ಪದರಕ್ಕೊಮ್ಮೆ ಮ್ಯಾಟ್ ಸ್ಪ್ರೇಯ ತೆಳು ಮಂಜು, ಇಲ್ಲದಿದ್ದರೆ ಪುಡಿ ಕೈಗೆ ಬರುತ್ತದೆ. ಸ್ಪ್ರೇ ಬಿದ್ದಾಗ ಬಣ್ಣ ಒಂದು ಪಟ್ಟು ಗಾಢವಾಗುತ್ತದೆ, ಹಾಗಾಗಿ ಕಣ್ಣಿಗೆ ಬೇಕೆನಿಸಿದ್ದಕ್ಕಿಂತ ಸ್ವಲ್ಪ ಮೊದಲೇ ನಿಲ್ಲಿಸಿ. ಹೀಗೆ ಐದಾರು ಸುತ್ತು. ಮೂರನೇ ಸುತ್ತಿನ ಹೊತ್ತಿಗೆ ಅದು ಆಟಿಕೆ ಅಲ್ಲ ಅನ್ನಿಸಲು ಶುರುವಾಗುತ್ತದೆ, ಆ ಸಂಜೆ ಊಟಕ್ಕೆ ಕರೆದರೂ ಕೇಳುವುದಿಲ್ಲ.

ಕಪ್ಪು ಕಾಲಿಗೆ ಟ್ಯೂಬಿನ ಕಪ್ಪು ಹಚ್ಚಬೇಡಿ, ತಗಡಿಗೆ ಡಾಂಬರು ಬಳಿದಂತಾಗುತ್ತದೆ. ಬರ್ನ್ಟ್ ಅಂಬರ್‌ಗೆ ಅಲ್ಟ್ರಾಮರೀನ್ ನೀಲಿ ಬೆರೆಸಿದರೆ ಜೀವವಿರುವ ಕಪ್ಪು ಸಿಗುತ್ತದೆ. ಕಂದು ಎಲ್ಲಿ ಮುಗಿದು ಕಪ್ಪು ಎಲ್ಲಿ ಶುರುವಾಯಿತು ಎಂದು ಬೆರಳಿಟ್ಟು ತೋರಿಸಲು ಆಗಬಾರದು. ಅಲ್ಲಿ ಪುಡಿಯನ್ನೇ ಬಳಸಿ.

ಎಣ್ಣೆ ಬಣ್ಣದಲ್ಲಿ ಮಾಡುವವರೂ ಇದ್ದಾರೆ. ಬೆರಕೆ ಬೆಣ್ಣೆಯಂತೆ ಬರುತ್ತದೆ ನಿಜ. ಅಂಬರ್‌ನಂಥ ಮಣ್ಣಿನ ಬಣ್ಣಗಳು ಬೇಗ ಒಣಗುತ್ತವೆ, ಬಿಳಿ ತಿಂಗಳುಗಟ್ಟಲೆ ಸತಾಯಿಸುತ್ತದೆ. ಅಷ್ಟರಲ್ಲಿ ಊರಿನ ಧೂಳೆಲ್ಲ ಕೂತಿರುತ್ತದೆ. ನನಗಂತೂ ಆಗಿಬರಲಿಲ್ಲ.

ಬಿಳಿಯ ಜಗಳ

ಬಿಳಿ ಕಾಲ್ಚೀಲ, ಹಣೆಯ ಬಿಳಿ ಬೊಟ್ಟು ಕೊನೆಗೆ. ಒಂದೇ ಕೈಗೆ ಮುಚ್ಚುವ ದಪ್ಪ ಬಿಳಿ ಬೇಡ. ನೀರಾಗಿಸಿ ಏಳೆಂಟು ಕೈ. ಅಂಚನ್ನು ಗೆರೆ ಎಳೆದಂತೆ ಕತ್ತರಿಸದೆ, ಬಹಳ ಸಣ್ಣ ಬ್ರಶ್ಶಿನಿಂದ ಒಂದೊಂದೇ ಕೂದಲು ಎಳೆಯಿರಿ. ಬಿಳಿ ಕೂದಲಿನಡಿ ಚರ್ಮ ಗುಲಾಬಿ, ಆದ್ದರಿಂದ ಬಿಳಿ ಮೂತಿಯವರೆಗೆ ಇಳಿದರೆ ಆ ಜಾಗಕ್ಕೆ ನಸುಗೆಂಪು ಬೇಕು. ಬಿಳಿ ಗೊರಸಿನ ತನಕ ಬಂದಿದ್ದರೆ ಆ ಗೊರಸು ತಿಳಿ ಬಣ್ಣದ್ದು, ಹಳೇ ಕೊಂಬಿನ ಹಾಗೆ. ಕಪ್ಪು ಕಾಲಿನ ಗೊರಸು ಬೂದುಗಪ್ಪು. ಬಿಳಿ ಕಾಲು, ಕಪ್ಪು ಕಾಲು ಎನ್ನದೆ ನಾಲ್ಕು ಗೊರಸಿಗೂ ಒಂದೇ ಬಣ್ಣ ಹೊಡೆದ ಕುದುರೆ ಎಷ್ಟು ಚಂದ ಇದ್ದರೂ ಸ್ಪರ್ಧೆಯಲ್ಲಿ ಹಿಂದೆ.

ಪೂರ್ತಿ ಬಿಳಿ ಕುದುರೆ ಮಾಡುವ ಆಸೆ ನಮ್ಮವರಿಗೆಲ್ಲ ಇರುತ್ತದೆ, ಉಚ್ಚೈಃಶ್ರವಸ್ಸಿನ ನಂಟು. ಆದರೆ ನಾವು ಬಿಳಿ ಅನ್ನುವ ಬಹುಪಾಲು ಕುದುರೆಗಳು ಕುದುರೆಶಾಸ್ತ್ರದಲ್ಲಿ ಗ್ರೇ. ಹುಟ್ಟುವಾಗ ಕಪ್ಪೋ ಕಂದೋ ಇದ್ದು ವಯಸ್ಸಾದಂತೆ ನರೆಯುತ್ತವೆ. ಕೂದಲು ನರೆತರೂ ಚರ್ಮ ಕಪ್ಪಾಗಿಯೇ ಉಳಿಯುತ್ತದೆ. ಹಾಗಾಗಿ ಮೂತಿ, ಕಣ್ಣಿನ ಸುತ್ತ, ತೊಡೆ ಸಂದು ಬೂದುಗಪ್ಪು ಇರಬೇಕು. ಹುಟ್ಟಿನಿಂದಲೇ ಬಿಳಿಯಾಗಿ ಗುಲಾಬಿ ಚರ್ಮ ಇರುವುದು ಬೇರೆ ಜಾತಿ, ಉತ್ತರದವರು ನುಕ್ರಾ ಅನ್ನುತ್ತಾರೆ. ಮದುವೆ ದಿಬ್ಬಣದಲ್ಲಿ ಕಾಣುವುದು ಹೆಚ್ಚಾಗಿ ಅದೇ. ಯಾವುದನ್ನು ಮಾಡುತ್ತಿದ್ದೀರಿ ಎಂದು ಮೊದಲೇ ನಿರ್ಧರಿಸಿ, ಎರಡರ ನಡುವೆ ನಿಲ್ಲಬೇಡಿ.

ಕಣ್ಣು

ಅರ್ಧ ಮಿಲಿಮೀಟರು ತಪ್ಪಿದರೆ ಕುದುರೆ ಬೆದರಿದಂತೆ ಕಾಣುತ್ತದೆ. ಕಣ್ಣಿಗೆ ಬಿಳಿ ಬಳಿದು ನಡುವೆ ಕರಿ ಬೊಟ್ಟಿಡುವುದು ಯಕ್ಷಗಾನಕ್ಕೆ ಸರಿ, ಇಲ್ಲಿಗಲ್ಲ. ಶಾಂತವಾಗಿರುವ ಕುದುರೆಯ ಕಣ್ಣಿನಲ್ಲಿ ಬಿಳಿ ಸಾಮಾನ್ಯವಾಗಿ ಕಾಣುವುದೇ ಇಲ್ಲ. ಇಡೀ ಗುಡ್ಡೆಗೆ ಮೊದಲು ಕಪ್ಪು. ಒಳಗೆ ಅಂಚು ಬಿಟ್ಟು ಗಾಢ ಕಂದು. ಕೆಳಭಾಗಕ್ಕೆ ಮಾತ್ರ ಜೇನುಬಣ್ಣದ ಒಂದು ಬಿಲ್ಲು. ನಡುವೆ ಪಾಪೆ. ಕುದುರೆಯ ಪಾಪೆ ನಮ್ಮಂತೆ ದುಂಡಗಿಲ್ಲ, ಅಡ್ಡಕ್ಕೆ ಉದ್ದ. ತಲೆ ಬಾಗಿಸಿದರೂ ಅದು ನೆಲಕ್ಕೆ ಸಮಾನಾಂತರವಾಗಿಯೇ ಇರುತ್ತದೆ, ಆದ್ದರಿಂದ ಮೇಯುವ ಭಂಗಿಯ ಕುದುರೆ ಮಾಡುವವರು ಇದನ್ನು ನೆನಪಿಡಿ. ಒಳಮೂಲೆಗೆ ಸೂಜಿಮೊನೆಯಷ್ಟು ನಸುಗೆಂಪು. ಬೆಳಕಿನ ಚುಕ್ಕೆಯನ್ನು ಬಣ್ಣದಲ್ಲಿ ಇಡಬೇಡಿ. ಎಲ್ಲ ಮುಗಿದ ಮೇಲೆ ಒಂದು ಹನಿ ಹೊಳಪಿನ (ಗ್ಲಾಸಿ) ವಾರ್ನಿಶ್ ಇಟ್ಟರೆ ಕೋಣೆಯ ದೀಪವೇ ಅಲ್ಲಿ ಬಂದು ಕೂರುತ್ತದೆ. ಅದೇ ವಾರ್ನಿಶ್ಶನ್ನು ಹೊಳ್ಳೆಯ ಒಳಗೂ ತಾಗಿಸಿ, ಒದ್ದೆಯಾಗಿ ಕಾಣಲಿ.

ಜೀನು, ಲಗಾಮು

ಇದಕ್ಕೇ ಬೇರೆ ಲೇಖನ ಬೇಕು. ಸದ್ಯಕ್ಕೆ ಲೆಕ್ಕ ಮಾತ್ರ: ನಿಜದಲ್ಲಿ ಎರಡು ಸೆಂಟಿಮೀಟರು ಅಗಲದ ಪಟ್ಟಿ 1:9ರಲ್ಲಿ ಎರಡು ಮಿಲಿಮೀಟರು ಚಿಲ್ಲರೆ. ಚಪ್ಪಲಿ ಹೊಲಿಯುವವರ ಹತ್ತಿರ ತುಂಡು ಚರ್ಮ ಸಿಗುತ್ತದೆ, ಆದರೆ ದಪ್ಪ. ಒಳಬದಿಯಿಂದ ಬ್ಲೇಡಿನಲ್ಲಿ ಹೆರೆದು ಕಾಗದದಷ್ಟು ತೆಳ್ಳಗೆ ಮಾಡಬೇಕು. ಕಡಿವಾಣದ ಬಳೆಗಳಿಗೆ ತೆಳು ತಂತಿಯನ್ನು ಮೊಳೆಗೆ ಸುತ್ತಿ ಕತ್ತರಿಸಿದರೆ ಆಯಿತು. ಜೀನನ್ನು ಬೆನ್ನಿಗೆ ಅಂಟಿಸಬೇಡಿ, ಅಡಿಯ ಬಣ್ಣ ಹೋಗುತ್ತದೆ.

ಇಡುವುದು ಎಲ್ಲಿ

ಹೊರಗೋಡೆಗೆ ತಾಗಿದ ಕಪಾಟು ಬೇಡ, ಮಳೆಗಾಲದಲ್ಲಿ ಅದು ಬೆವರುತ್ತದೆ. ಒಳಗೋಡೆ, ಗಾಜಿನ ಬಾಗಿಲು, ಒಳಗೆ ಸಿಲಿಕಾ ಜೆಲ್ ಪೊಟ್ಟಣ. ಬಣ್ಣ ಬದಲಾಗುವ ಜಾತಿಯದ್ದಾದರೆ ಬಾಣಲೆಯಲ್ಲಿ ಮೆಲ್ಲಗೆ ಬಿಸಿ ಮಾಡಿ ಮತ್ತೆ ಬಳಸಬಹುದು, ಆ ಬಾಣಲೆಯನ್ನು ಅಡುಗೆಗೆ ತರಬೇಡಿ. ಚರ್ಮದ ಜೀನಿಗೆ ಆಗಸ್ಟ್‌ನಲ್ಲಿ ಬೂಸ್ಟು ಖಂಡಿತ. ಅದನ್ನು ಬೇರೆ ಡಬ್ಬದಲ್ಲಿ ಇಡಿ, ಬಿಸಿಲು ಕಂಡ ದಿನ ತೆಗೆದು ಗಾಳಿಗೆ ಹಾಕಿ. ಸಂತೆಯಿಂದಲೋ ಸ್ನೇಹಿತರಿಂದಲೋ ಕುದುರೆ ತರುವಾಗ ಕಾರಿನಲ್ಲಿ ಬಿಟ್ಟು ಊಟಕ್ಕೆ ಹೋಗಬೇಡಿ. ಏಪ್ರಿಲ್ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ ತೆಳುಗಾಲಿನ ಕುದುರೆ ತಾನಾಗಿಯೇ ಮಂಡಿಯೂರುತ್ತದೆ.

ಕೊನೆಗೆ ಹೊಟ್ಟೆಯಡಿಗೆ ಸಣ್ಣ ಅಕ್ಷರದಲ್ಲಿ ನಿಮ್ಮ ಹೆಸರು, ತಿಂಗಳು, ವರ್ಷ, ಬಳಸಿದ ಪ್ರೈಮರ್ ಮತ್ತು ವಾರ್ನಿಶ್ ಬರೆದು ಅದರ ಮೇಲೆ ಒಂದು ಹನಿ ವಾರ್ನಿಶ್ ಹಚ್ಚಿ. ಮುಂದೆ ಯಾವುದಾದರೂ ಬಿರುಕು ಬಿಟ್ಟಾಗ, ಅಂಟಂಟಾದಾಗ ಕಾರಣ ಅಲ್ಲೇ ಸಿಗುತ್ತದೆ. ನನ್ನ ಬೂದಿ ಮೆತ್ತಿದ ಕಪ್ಪು ಕುದುರೆ ಈಗಲೂ ಮೇಲಿನ ಅಂಕಣದಲ್ಲಿದೆ. ಜನವರಿಯ ಒಂದು ಒಣ ಬೆಳಗ್ಗೆ ಅದೇ ವಾರ್ನಿಶ್ಶಿನ ಇನ್ನೊಂದು ತೆಳು ಕೈ ಹೊಡೆದಾಗ ಬಿಳಿ ಮಂಜು ಮುಕ್ಕಾಲು ಪಾಲು ಕರಗಿತು, ಬೆನ್ನಿನ ಮೇಲೆ ಮತ್ತು ಸೊಂಟದಲ್ಲಿ ಚೂರು ಉಳಿಯಿತು. ನೋಡಿದವರು ನರೆಯಲು ಶುರುವಾದ ಗ್ರೇ ಕುದುರೆ ಅಂದುಕೊಳ್ಳುತ್ತಾರೆ, ನಾನು ತಿದ್ದಲು ಹೋಗುವುದಿಲ್ಲ. ಹೊಟ್ಟೆಯಡಿ ಮಾತ್ರ 'ಜುಲೈ' ಅಂತ ಬರೆದಿದೆ.